ಸೂರ್ಯ ಸಿಡಿದಾಗ ಗ್ರಿಡ್ ಕಾಯುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಹಾಳೆಯನ್ನು ಕಂಟ್ರೋಲ್ ರೂಮಿನ ಗೋಡೆಗೆ, ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಫೈಲಿಗೆ ಹಾಕಬೇಡಿ. ಫೈಲಿಗೆ ಹೋದ ಸೂಚನೆ ಮತ್ತೆ ಹೊರಬರುವುದು ವಿಚಾರಣೆಯ ದಿನವೇ.

1989ರ ಮಾರ್ಚ್ 13, ನಸುಕಿನ 2 ಗಂಟೆ 44 ನಿಮಿಷ. ಕೆನಡಾದ ಕ್ವಿಬೆಕ್ ಪ್ರಾಂತ್ಯ. ಉತ್ತರದ ಜೇಮ್ಸ್ ಕೊಲ್ಲಿಯ ಜಲವಿದ್ಯುತ್ ಕೇಂದ್ರಗಳಿಂದ ದಕ್ಷಿಣದ ಊರುಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದದ 735 ಕಿಲೋವೋಲ್ಟ್ ಲೈನುಗಳಲ್ಲಿ ಕರೆಂಟು ಎಂದಿನಂತೆ ಹರಿಯುತ್ತಿತ್ತು. ಉದ್ದ ಲೈನಿನ ವೋಲ್ಟೇಜನ್ನು ಹಿಡಿದು ನಿಲ್ಲಿಸಲೆಂದೇ ಇಟ್ಟಿದ್ದ ಏಳು ಸ್ಟ್ಯಾಟಿಕ್ ವಾರ್ ಕಾಂಪೆನ್ಸೇಟರುಗಳು ಒಂದರ ಹಿಂದೊಂದು ಟ್ರಿಪ್ ಆದವು. ಒಂದೂವರೆ ನಿಮಿಷದಲ್ಲಿ 21,500 ಮೆಗಾವಾಟಿನ ಗ್ರಿಡ್ ನೆಲಕಚ್ಚಿತು. 60 ಲಕ್ಷ ಜನರಿಗೆ ಒಂಬತ್ತು ಗಂಟೆ ಕರೆಂಟಿಲ್ಲ. ಸಿಡಿಲು ಹೊಡೆದಿರಲಿಲ್ಲ, ಮರ ಬಿದ್ದಿರಲಿಲ್ಲ. ಮೂರು ದಿನ ಹಿಂದೆ ಸೂರ್ಯನಿಂದ ಹೊರಟ ಪ್ಲಾಸ್ಮಾ ಮೋಡ ಬಂದು ಭೂಮಿಯ ಕಾಂತಕ್ಷೇತ್ರಕ್ಕೆ ಬಡಿದಿತ್ತು.

ಒಂದೂವರೆ ನಿಮಿಷ ಎಂದರೆ ಎಷ್ಟು? ಫೋನ್ ಎತ್ತಿ, ನಂಬರ್ ಒತ್ತಿ, ಆ ಕಡೆ ನಿದ್ದೆಗಣ್ಣಿನ ಸಾಹೇಬರಿಗೆ ‘ಸಾರ್, ಇಲ್ಲಿ ವೋಲ್ಟೇಜ್ ಇಳೀತಿದೆ, ಏನ್ಮಾಡ್ಲಿ?’ ಎಂದು ಹೇಳಿ ಮುಗಿಸುವಷ್ಟು. ಆದ್ದರಿಂದ ಮೊದಲ ಕಟ್ಟಪ್ಪಣೆ: ಆ ರಾತ್ರಿ ಏನು ಮಾಡಬೇಕು ಎಂದು ಆ ರಾತ್ರಿ ಯೋಚಿಸಕೂಡದು. ಯಾವ ಬ್ರೇಕರ್ ಯಾವಾಗ ತೆಗೆಯಬೇಕು, ಯಾರ ಮಾತಿಗೆ ತೆಗೆಯಬೇಕು, ಯಾರನ್ನೂ ಕೇಳದೆ ಶಿಫ್ಟ್ ಎಂಜಿನಿಯರ್ ಏನು ಮಾಡಬಹುದು, ಇವೆಲ್ಲ ಇಂದೇ ಬರೆದು ಸಹಿಯಾಗಿರಬೇಕು.

ನಡೆಯುವುದೇನು

ಅಲುಗಾಡುವ ಕಾಂತಕ್ಷೇತ್ರ ನೆಲದಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಜೋರಾದ ಸೌರ ಬಿರುಗಾಳಿಯಲ್ಲಿ ಕಿಲೋಮೀಟರಿಗೆ ಒಂದೋ ಎರಡೋ ವೋಲ್ಟ್, ಧ್ರುವದ ಕಡೆಯ ದೇಶಗಳಲ್ಲಿ ಇನ್ನೂ ಹೆಚ್ಚು. ಒಂದು ವೋಲ್ಟ್ ಏನು ಮಹಾ ಎನ್ನಬೇಡಿ. ಲೈನು 400 ಕಿಲೋಮೀಟರ್ ಇದ್ದರೆ ಅದು 400 ವೋಲ್ಟ್ ಆಯಿತು, ದಪ್ಪ ತಂತಿಯ ರೋಧವೋ ಕೆಲವೇ ಓಮ್. ಎರಡೂ ತುದಿಯ ಟ್ರಾನ್ಸ್‌ಫಾರ್ಮರುಗಳ ನ್ಯೂಟ್ರಲನ್ನು ಭದ್ರವಾಗಿ ಅರ್ತ್ ಮಾಡಿ ದಾರಿಯನ್ನು ನಾವೇ ತೆರೆದಿಟ್ಟಿದ್ದೇವೆ. ಕರೆಂಟು ಈ ತುದಿಯ ನ್ಯೂಟ್ರಲಿನಲ್ಲಿ ಹತ್ತಿ ಆ ತುದಿಯ ನ್ಯೂಟ್ರಲಿನಲ್ಲಿ ಇಳಿಯುತ್ತದೆ. ನಿಮಿಷಗಟ್ಟಲೆ ಒಂದೇ ದಿಕ್ಕಿಗೆ ಹರಿಯುವುದರಿಂದ 50 ಹರ್ಟ್ಸಿನ ಯಂತ್ರದ ಪಾಲಿಗೆ ಅದು ಡಿಸಿಯೇ.

ಟ್ರಾನ್ಸ್‌ಫಾರ್ಮರಿಗೆ ಡಿಸಿ ಆಗಿಬರುವುದಿಲ್ಲ. ನಾಗರಪಂಚಮಿಗೆ ಕಟ್ಟಿದ ಜೋಕಾಲಿಯನ್ನು ನೆನಪಿಸಿಕೊಳ್ಳಿ. ನಡುವೆ ಕಟ್ಟಿದರೆ ಎರಡೂ ಕಡೆ ಸಲೀಸಾಗಿ ತೂಗುತ್ತದೆ. ಒಂದು ಗೋಡೆಯ ಹತ್ತಿರ ಸರಿಸಿ ಕಟ್ಟಿದರೆ ಪ್ರತಿ ಸಲ ಆ ಕಡೆ ಹೋದಾಗಲೂ ಗೋಡೆಗೆ ಬಡಿಯುತ್ತದೆ. ಕೋರಿನ ಕಾಂತಹರಿವು ಸೆಕೆಂಡಿಗೆ 50 ಸಲ ಹಾಗೆ ಬಡಿಯುತ್ತದೆ. ಆಗ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ಕೋರಿನಿಂದ ಹೊರಚೆಲ್ಲಿದ ಹರಿವು ತೊಟ್ಟಿಯ ಗೋಡೆಯನ್ನೂ ಒಳಗಿನ ಕಬ್ಬಿಣವನ್ನೂ ಅಲ್ಲಲ್ಲಿ ಕಾಯಿಸುತ್ತದೆ. ಟ್ರಾನ್ಸ್‌ಫಾರ್ಮರು ಎಂದಿಗಿಂತ ಬಹಳ ಹೆಚ್ಚು ರಿಯಾಕ್ಟಿವ್ ಪವರ್ ಕುಡಿಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಹಾರ್ಮೋನಿಕ್ಸ್ ಎದ್ದು ರಿಲೇಗಳ ದಿಕ್ಕು ತಪ್ಪಿಸುತ್ತವೆ. ಕ್ವಿಬೆಕ್ಕಿನಲ್ಲಿ ಗ್ರಿಡ್ಡನ್ನು ಬೀಳಿಸಿದ್ದು ಈ ಮೂರನೆಯದು. ವೋಲ್ಟೇಜ್ ಕಾಯಬೇಕಾದ ಯಂತ್ರಗಳನ್ನು ಅವುಗಳದೇ ರಕ್ಷಣಾ ರಿಲೇಗಳು, ಅವು ಅತ್ಯಂತ ಬೇಕಾಗಿದ್ದ ಹೊತ್ತಿನಲ್ಲಿ, ಹೊರಗೆ ಹಾಕಿದವು.

‘ನಮಗೆ ಬರೋದಿಲ್ಲ ಬಿಡಿ’ ಎನ್ನಬಾರದು

ಭೂಕಾಂತದ ಸಮಭಾಜಕ ಹಾದುಹೋಗುವುದು ನಮ್ಮ ದಕ್ಷಿಣದ ತುದಿಯ ಹತ್ತಿರ. ಕೆನಡಾ, ಸ್ವೀಡನ್ನಿಗೆ ಇರುವಷ್ಟು ಅಪಾಯ ನಮಗಿಲ್ಲ, ಇದು ನಿಜ. ಯಾರನ್ನೂ ಬೆದರಿಸಲು ಈ ಹಾಳೆ ಬರೆದಿಲ್ಲ. ಆದರೆ 1859ರ ಸೆಪ್ಟೆಂಬರ್ 2ರಂದು, ದಾಖಲೆಯಲ್ಲಿರುವ ಅತಿದೊಡ್ಡ ಬಿರುಗಾಳಿಯ ದಿನ, ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಮಾಪಕದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 1600 ನ್ಯಾನೋಟೆಸ್ಲಾ ಕುಸಿದದ್ದು ಬರೆದಿದೆ. ಮುಂಬಯಿ ಧ್ರುವದ ಊರಲ್ಲ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯದಿಂದ ಕಾಣುವ ಉತ್ತರದ ದಿಗಂತದಲ್ಲಿ, ಆಕಾಶ ಕೆಂಪಾಗಿತ್ತು.

ಇನ್ನೊಂದು ಮಾತು. 1859ರಲ್ಲಿ ಈ ದೇಶದಲ್ಲಿ ಇದ್ದದ್ದು ಟೆಲಿಗ್ರಾಫ್ ತಂತಿ ಮಾತ್ರ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಲೈನು ಚಾಲೂ ಆದ ಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಗ್ರಿಡ್ ಒಂದೇ, ಫ್ರೀಕ್ವೆನ್ಸಿ ಒಂದೇ. ವೋಲ್ಟೇಜ್ ಮಟ್ಟ ಏರಿದಷ್ಟೂ ತಂತಿ ದಪ್ಪ, ರೋಧ ಕಡಿಮೆ, ಲೈನು ಉದ್ದ. ನೆಲದಿಂದ ಹತ್ತುವ ಈ ಅತಿಥಿಗೆ ಬೇಕಾದ್ದೂ ಅದೇ.

ಎಚ್ಚರಿಕೆ ಬಂದಾಗ

ಸಿಡಿತದ ಬೆಳಕು ಭೂಮಿಗೆ ಬರಲು ಎಂಟು ನಿಮಿಷ. ಮೋಡ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ, 1859ರದ್ದು ಹದಿನೇಳೂವರೆ ಗಂಟೆಯಲ್ಲೇ ಬಂದಿತ್ತು. ಹಾಗೆಂದು ಮೂರು ದಿನ ಕೈಯಲ್ಲಿದೆ ಎಂದುಕೊಳ್ಳಬೇಡಿ. ಮೋಡದೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ ಏಟು ಬಲವಾಗಿ ಬೀಳುತ್ತದೆ, ಉತ್ತರಕ್ಕಿದ್ದರೆ ಬಹುಪಾಲು ತಪ್ಪುತ್ತದೆ. ಅದು ಖಚಿತವಾಗುವುದು ಮೋಡವು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವನ್ನು ದಾಟುವಾಗಲೇ. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಕೂತಿರುವುದು ಅಲ್ಲಿಯೇ. ಸೆಕೆಂಡಿಗೆ 800 ಕಿಲೋಮೀಟರ್ ವೇಗದ ಮೋಡಕ್ಕೆ ಅಲ್ಲಿಂದ ಇಲ್ಲಿಗೆ ಅರ್ಧ ಗಂಟೆ. 2000 ಕಿಲೋಮೀಟರ್ ವೇಗದ್ದಾದರೆ ಹನ್ನೆರಡು ನಿಮಿಷ ಚಿಲ್ಲರೆ, ಒಂದು ಲೋಟ ಚಹಾ ತರಿಸಿ ಕುಡಿಯುವಷ್ಟು ಹೊತ್ತು.

ದಿನಗಳ ಮುನ್ಸೂಚನೆ ಇದ್ದಾಗ: ಕೊಟ್ಟಿರುವ ಲೈನ್ ಕ್ಲಿಯರುಗಳನ್ನೆಲ್ಲ ವಾಪಸು ತೆಗೆದುಕೊಳ್ಳಿ. ಹೊಸ ಶಟ್‌ಡೌನ್ ಕೊಡಬೇಡಿ, ಅರ್ಜಿ ಯಾವ ಗುತ್ತಿಗೆದಾರರದ್ದಾದರೂ ಸರಿ. ರಿಪೇರಿಗೆ ನಿಂತ ಜನರೇಟರ್ ಮರಳಿ ಬರಬಹುದೇ ನೋಡಿ.

ಅರ್ಧ ಗಂಟೆಯ ಎಚ್ಚರಿಕೆ ಬಂದಾಗ: ದೂರದ ಲೈನುಗಳ ಮೇಲಿನ ಹೊರೆ ಇಳಿಸಿ, ಹತ್ತಿರದ ಉತ್ಪಾದನೆ ಏರಿಸಿ. ರಿಯಾಕ್ಟಿವ್ ಪವರ್ ಕೈಯಲ್ಲಿ ಉಳಿಸಿಕೊಳ್ಳಿ, ಇರುವುದನ್ನೆಲ್ಲ ಮೊದಲೇ ಖರ್ಚು ಮಾಡಬೇಡಿ. ಪ್ರತಿ ಸ್ಟೇಷನ್ನಿನಲ್ಲೂ ಒಬ್ಬರು ಯಾರ್ಡಿನಲ್ಲಿ, ಒಬ್ಬರು ಪ್ಯಾನೆಲಿನ ಮುಂದೆ.

‘ತೋಳ ಬಂತು ತೋಳ’ ಎಂದು ನಗುವವರು ಪ್ರತಿ ಶಿಫ್ಟಿನಲ್ಲೂ ಒಬ್ಬರಿರುತ್ತಾರೆ. ನಾಲ್ಕು ಎಚ್ಚರಿಕೆಯಲ್ಲಿ ಮೂರು ಸುಳ್ಳಾದರೂ ನಾಲ್ಕನೆಯದಕ್ಕೂ ಇಷ್ಟನ್ನೂ ಮಾಡತಕ್ಕದ್ದು.

ಸಬ್‌ಸ್ಟೇಷನ್ನಿನಲ್ಲಿ

ಟ್ರಾನ್ಸ್‌ಫಾರ್ಮರಿನ ದನಿ ಕೇಳಿ. ವರ್ಷಗಟ್ಟಲೆ ಅದರ ಪಕ್ಕ ಕೂತವರಿಗೆ ಆ ಗುಂಯ್‌ಗುಡುವಿಕೆ ಉಸಿರಿನಷ್ಟು ಪರಿಚಿತ, ಕೇಳಿಸುವುದೇ ಇಲ್ಲ. ಡಿಸಿ ಸೇರಿದರೆ ದನಿ ಒಡೆಯುತ್ತದೆ. ಗುಂಯ್ ಹೋಗಿ ಗರಗರ, ಕಬ್ಬಿಣದ ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಹೊಸ ಹುಡುಗರಿಗೆ ಪ್ಯಾನೆಲಿನ ಮೀಟರ್ ಓದಲು ಕಲಿಸುತ್ತೀರಿ, ಯಾರ್ಡಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಈ ದನಿ ಕೇಳಿಸಿಕೊಳ್ಳಲೂ ಕಲಿಸಿ.

ನ್ಯೂಟ್ರಲಿನ ಡಿಸಿ ಅಳೆಯಿರಿ. ಸಾಮಾನ್ಯ ಕರೆಂಟ್ ಟ್ರಾನ್ಸ್‌ಫಾರ್ಮರಿಗೆ ಡಿಸಿ ಕಾಣುವುದಿಲ್ಲ. ನಿಮ್ಮ ಪ್ಯಾನೆಲಿನ ಮೀಟರ್ ಸೊನ್ನೆ ತೋರಿಸುತ್ತಿರುವಾಗಲೇ ನ್ಯೂಟ್ರಲಿನಲ್ಲಿ ಹತ್ತಾರು ಆಂಪಿಯರ್ ಹರಿಯುತ್ತಿರಬಹುದು. ಹಾಲ್ ಸೆನ್ಸರ್ ಬೇಕು. ಅದಿಲ್ಲದ ಕಡೆ ಡಿಸಿ ಓದುವ ಕ್ಲ್ಯಾಂಪ್ ಮೀಟರನ್ನಾದರೂ ತರಿಸಿಟ್ಟು, ಹೇಗೆ ಹಿಡಿಯಬೇಕೆಂದು ಸುರಕ್ಷತಾ ನಿಯಮದಂತೆ ಮೊದಲೇ ಕಲಿಸಿರಿ.

ಎಣ್ಣೆಯ ತಾಪಮಾನ ನೋಡಿ ಸಮಾಧಾನ ಪಡಬೇಡಿ. ಮೇಲಿನ ಎಣ್ಣೆ ನಿಧಾನಕ್ಕೆ ಕಾಯುತ್ತದೆ, ಒಳಗೆ ಅಂಗೈಯಗಲದ ಒಂದು ಜಾಗ ಅಷ್ಟರಲ್ಲಿ ಸುಟ್ಟಿರುತ್ತದೆ.

ಬುಕೋಲ್ಜ್ ಅಲಾರಂ ಬಂದರೆ ಒತ್ತಿ ನಿಲ್ಲಿಸಿ ಮತ್ತೆ ಕೂರಕೂಡದು. ಸಮಯ ಬರೆಯಿರಿ, ತಿಳಿಸಿರಿ.

ಕೆಪಾಸಿಟರ್ ಬ್ಯಾಂಕಿನ ರಿಲೇ ಹಾರ್ಮೋನಿಕ್ಸಿಗೆ ಬೆದರಿ ಟ್ರಿಪ್ ಕೊಡದಂತೆ ಸೆಟ್ಟಿಂಗನ್ನು ಪ್ರೊಟೆಕ್ಷನ್ ವಿಭಾಗದವರು ಬಿರುಗಾಳಿಗೆ ಮೊದಲೇ ಪರಿಶೀಲಿಸಿರಬೇಕು. 2003ರ ಅಕ್ಟೋಬರ್ 30ರಂದು ಸ್ವೀಡನ್ನಿನ ಮಾಲ್ಮೋದಲ್ಲಿ 50,000 ಗ್ರಾಹಕರಿಗೆ ಕರೆಂಟು ಹೋಯಿತು. ಮೂರನೆಯ ಹಾರ್ಮೋನಿಕ್ಸನ್ನು ಫಾಲ್ಟ್ ಎಂದು ತಿಳಿದ ಒಂದು ರಿಲೇ ಅದಕ್ಕೆ ಕಾರಣ. ಹಾಗೆಂದು ಶಿಫ್ಟಿನಲ್ಲಿರುವವರು ತಾವೇ ರಿಲೇ ಬೈಪಾಸ್ ಮಾಡುವುದು ಕಡ್ಡಾಯವಾಗಿ ನಿಷಿದ್ಧ. ಒಂದು ಸುಳ್ಳು ಟ್ರಿಪ್ಪಿನ ಭಯಕ್ಕೆ ನಿಜವಾದ ಫಾಲ್ಟಿಗೆ ಬಾಗಿಲು ತೆರೆದಿಟ್ಟಂತೆ ಆಗುತ್ತದೆ.

ನ್ಯೂಟ್ರಲಿನ ಅರ್ತ್ ಬಿಚ್ಚಿದರೆ ಡಿಸಿ ನಿಲ್ಲುತ್ತದಲ್ಲ ಎಂದು ಬುದ್ಧಿವಂತಿಕೆ ತೋರಿಸುವವರು ಇದ್ದಾರೆ. ಕೂಡದು, ಕೂಡದು. ಡಿಸಿಯನ್ನು ತಡೆದು ಎಸಿಯನ್ನು ಬಿಡುವ ಬ್ಲಾಕಿಂಗ್ ಉಪಕರಣ ಬೇರೆಯೇ ಇದೆ. ಅದನ್ನು ಕೂರಿಸುವುದು ಗ್ರಿಡ್ಡಿನ ಪೂರ್ತಿ ಅಧ್ಯಯನದ ಮೇಲೆ, ಏಕೆಂದರೆ ಇಲ್ಲಿ ತಡೆದ ಕರೆಂಟು ಪಕ್ಕದ ಸ್ಟೇಷನ್ನಿನಲ್ಲಿ ಇಳಿಯುತ್ತದೆ.

ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ

ಅಂದಾಜಿನ ಮೇಲೆ ಲೈನು ತೆಗೆಯಬೇಡಿ. 2024ರ ಮೇ ಬಿರುಗಾಳಿಯಲ್ಲಿ ನ್ಯೂಜಿಲೆಂಡಿನ ಗ್ರಿಡ್ ನಡೆಸುವ ಟ್ರಾನ್ಸ್‌ಪವರ್ ಸಂಸ್ಥೆ ತುರ್ತುಸ್ಥಿತಿ ಸಾರಿ, ಕೆಲವು ಲೈನುಗಳನ್ನು ತಾನೇ ಸ್ವಿಚ್ ಆಫ್ ಮಾಡಿತು. ದೀಪ ಆರಲಿಲ್ಲ. ಅದು ಧೈರ್ಯವಲ್ಲ, ಮನೆಪಾಠ. 2001ರ ನವೆಂಬರಿನಲ್ಲಿ ಡುನೆಡಿನ್ ಊರಿನ ಒಂದು ಟ್ರಾನ್ಸ್‌ಫಾರ್ಮರನ್ನು ಇಂಥದೇ ಬಿರುಗಾಳಿಯಲ್ಲಿ ಕಳೆದುಕೊಂಡವರು ಅವರು. ಯಾವ ಲೈನು ತೆಗೆದರೆ ಯಾವ ನ್ಯೂಟ್ರಲಿನಲ್ಲಿ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ ಅವರ ಬಳಿ ತಯಾರಿತ್ತು. ಕ್ವಿಬೆಕ್ಕಿನವರೂ 1989ರ ನಂತರ ರಿಲೇ ಸೆಟ್ಟಿಂಗ್ ಬದಲಿಸಿದರು, ಉದ್ದ ಲೈನುಗಳಿಗೆ ಸೀರೀಸ್ ಕೆಪಾಸಿಟರ್ ಹಾಕಿದರು. ಅದು ಡಿಸಿಯನ್ನು ದಾಟಗೊಡುವುದಿಲ್ಲ. ಲೆಕ್ಕವಿಲ್ಲದ ಕಡೆ ಸಾಮಾನ್ಯ ನಿಯಮವೇ ಮೇಲು: ಲೈನುಗಳೆಲ್ಲ ಸೇವೆಯಲ್ಲಿ ಇರಲಿ, ಹೊರೆ ಹಂಚಿಹೋಗಲಿ.

ಗ್ರಿಡ್ ಬಿದ್ದೇಬಿಟ್ಟರೆ ಮೊದಲ ಕರೆಂಟು ಎಲ್ಲಿಗೆ? ಇದರ ಉತ್ತರವೂ ಗೋಡೆಯ ಮೇಲಿರಬೇಕು. ಹೊರಗಿನ ವಿದ್ಯುತ್ತಿಲ್ಲದೆ ತಾವೇ ಎದ್ದು ಓಡಬಲ್ಲವು ಜಲವಿದ್ಯುತ್ ಯಂತ್ರಗಳು. ಶರಾವತಿಯ, ಕಾಳಿಯ ಯಂತ್ರಗಳಿಂದ ಹೊರಟ ಮೊದಲ ಮೆಗಾವಾಟುಗಳು ಪರಮಾಣು ಸ್ಥಾವರದ ಪಂಪುಗಳಿಗೆ ಹೋಗಬೇಕು, ರಾಜಧಾನಿಗೆ ಅಲ್ಲ. ಆ ಹೊತ್ತಿನಲ್ಲಿ ಯಾರ್ಯಾರದೋ ಪಿ.ಎ.ಗಳಿಂದ ಫೋನ್ ಬರುತ್ತದೆ. ಫೋನಿಗೆ ಒಬ್ಬರನ್ನು ಬೇರೆಯೇ ಕೂರಿಸಿ, ಡೆಸ್ಕಿನಲ್ಲಿರುವವರ ಕೈಗೆ ಅದು ಸಿಗಬಾರದು.

ಪರಮಾಣು ಸ್ಥಾವರದಲ್ಲಿ

ಮೊದಲು ಒಂದು ಗೊಂದಲ ತೆಗೆಯೋಣ. ಗ್ರಿಡ್ಡಿನವರ ಬಾಯಲ್ಲಿ ರಿಯಾಕ್ಟರ್ ಎಂದರೆ ಲೈನಿನ ವೋಲ್ಟೇಜ್ ಇಳಿಸುವ ತಾಮ್ರದ ಸುರುಳಿ, ಸ್ಥಾವರದವರ ಬಾಯಲ್ಲಿ ಅಣುಕುಲುಮೆ. ಫೋನಿನಲ್ಲಿ ‘ರಿಯಾಕ್ಟರ್ ಔಟ್’ ಎಂದು ಮಾತ್ರ ಹೇಳಬೇಡಿ. ಯಾವ ರಿಯಾಕ್ಟರ್ ಎಂದು ಪೂರ್ತಿ ಹೇಳಿ.

ಸೌರ ಬಿರುಗಾಳಿ ಅಣುಕುಲುಮೆಯನ್ನು ಮುಟ್ಟುವುದಿಲ್ಲ, ಸ್ಫೋಟಿಸುವುದೂ ಇಲ್ಲ. ಅಪಾಯ ಬರುವುದು ಹಿತ್ತಲ ಬಾಗಿಲಿಂದ, ಎಂದರೆ ಸ್ವಿಚ್‌ಯಾರ್ಡಿನಿಂದ. 1989ರ ಅದೇ ಬಿರುಗಾಳಿಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಸೇಲಂ ಪರಮಾಣು ಸ್ಥಾವರದ ಜನರೇಟರ್ ಟ್ರಾನ್ಸ್‌ಫಾರ್ಮರಿನ ವೈಂಡಿಂಗ್ ಸುಟ್ಟುಹೋಯಿತು. ಇಂಥದ್ದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಆರ್ಡರ್ ಕೊಟ್ಟರೆ ಕೈಗೆ ಬರಲು ವರ್ಷ ಮೀರುತ್ತದೆ. ಅವರ ಅದೃಷ್ಟಕ್ಕೆ ರದ್ದಾಗಿದ್ದ ಬೇರೊಂದು ಸ್ಥಾವರಕ್ಕೆ ಮಾಡಿಸಿದ್ದು ಹಾಗೇ ಬಿದ್ದಿತ್ತು. ಅದೃಷ್ಟವನ್ನು ಯೋಜನೆಯಲ್ಲಿ ಸೇರಿಸಬಾರದು. ಜನರೇಟರ್ ಟ್ರಾನ್ಸ್‌ಫಾರ್ಮರಿಗೆ ಒಂದು ಬಿಡಿ ಯೂನಿಟ್ ಆವರಣದಲ್ಲೇ ಇರಲಿ, ಅದನ್ನು ಸಾಗಿಸುವ ಟ್ರೈಲರು, ಹಳಿ, ಕ್ರೇನು ಯಾವುದೆಂದು ಬರೆದಿರಲಿ.

ಇನ್ನು ಶಾಖ. ಕೈಗಾದ ಒಂದು 220 ಮೆಗಾವಾಟ್ ಘಟಕದೊಳಗೆ ಹುಟ್ಟುವ ಶಾಖ ಸುಮಾರು 750 ಮೆಗಾವಾಟ್. ಗ್ರಿಡ್ ಹೋದರೆ ಕುಲುಮೆ ಸೆಕೆಂಡುಗಳಲ್ಲಿ ನಿಲ್ಲುತ್ತದೆ, ಶಾಖ ನಿಲ್ಲುವುದಿಲ್ಲ. ಒಲೆ ಆರಿಸಿದ ಮೇಲೂ ಕೆಂಡ ಕಾಯುತ್ತಲೇ ಇರುವಂತೆ, ನಿಂತ ಕ್ಷಣದಲ್ಲಿ ಶೇ 6ಕ್ಕಿಂತ ಹೆಚ್ಚು, ಎಂದರೆ 45 ಮೆಗಾವಾಟಿನ ಆಸುಪಾಸು, ಉಳಿದಿರುತ್ತದೆ. ಒಂದು ದಿನ ಕಳೆದರೂ ಸುಮಾರು 4 ಮೆಗಾವಾಟ್: ಒಂದು ಕಿಲೋವಾಟಿನ ನಾಲ್ಕು ಸಾವಿರ ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಕೋಣೆಯಲ್ಲಿ ಹಚ್ಚಿಟ್ಟ ಹಾಗೆ. ಅದನ್ನು ಹೊರಗೆ ಸಾಗಿಸಲು ನೀರು ಬೇಕು, ನೀರಿಗೆ ಪಂಪು, ಪಂಪಿಗೆ ಕರೆಂಟು. ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಭೂಕಂಪ ಹೊರಗಿನ ಲೈನನ್ನು ತೆಗೆಯಿತು, ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಕುಲುಮೆಗಳು ಅಷ್ಟರಲ್ಲಿ ಸರಿಯಾಗಿಯೇ ನಿಂತಿದ್ದವು. ಕರಗಿಸಿದ್ದು ಈ ಉಳಿಕೆ ಶಾಖ.

ಆದ್ದರಿಂದ ಡೀಸೆಲ್ ಜನರೇಟರನ್ನು ಲೋಡಿನ ಮೇಲೆ, ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸಿ. ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ನಿಲ್ಲಿಸಿ ‘ಓಕೆ’ ಎಂದು ಬರೆಯಬೇಡಿ. ಹೆಸರು ಬೇಡ, ನಾನು ಕಂಡ ಒಂದು ಸ್ಟೇಷನ್ನಿನಲ್ಲಿ ಪ್ರತಿ ಸೋಮವಾರ ಡಿ.ಜಿ. ಸೆಟ್ ಓಕೆ ಎಂದು ಆರು ತಿಂಗಳ ನಮೂದು ಇತ್ತು, ಒಂದೇ ಪೆನ್ನು, ಒಂದೇ ಓರೆ ಅಕ್ಷರ. ಕರೆಂಟು ಹೋದ ರಾತ್ರಿ ಕೀ ತಿರುಗಿಸಿದರೆ ಟಕ್ ಎಂಬ ಸದ್ದು ಮಾತ್ರ. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಹೂಕೋಸಿನಂತೆ ಬಿಳಿ ಪುಡಿ ಅರಳಿತ್ತು. ಅಲ್ಲಿ ಹೋದದ್ದು ನಾಲ್ಕು ಗಂಟೆಯ ದೀಪ ಅಷ್ಟೆ.

ಡೀಸೆಲ್ ದಾಸ್ತಾನನ್ನು ಕಾಗದದಲ್ಲಿ ಅಲ್ಲ, ಟ್ಯಾಂಕಿಗೆ ಕೋಲು ಇಳಿಸಿ ಅಳೆಯಿರಿ. ಟ್ಯಾಂಕರ್ ಎಲ್ಲಿಂದ ಬರುತ್ತದೆ? ರಾಜ್ಯವೆಲ್ಲ ಕತ್ತಲಾದರೆ ಪೆಟ್ರೋಲ್ ಬಂಕಿನ ಪಂಪಿಗೂ ಕರೆಂಟಿರುವುದಿಲ್ಲ. ಆಷಾಢದಲ್ಲಿ ಘಟ್ಟದ ರಸ್ತೆಗೆ ಗುಡ್ಡ ಜರಿದಿದ್ದರೆ ಕೈಗಾಕ್ಕೆ ಎರಡನೆಯ ದಾರಿ ಯಾವುದು? ಈ ಪ್ರಶ್ನೆಗಳಿಗೆ ಉತ್ತರ ಸಹಿಯಾಗಿರಲಿ.

ಕರೆಂಟೇ ಇಲ್ಲದೆ ನೀರು ಕೊಡುವುದನ್ನು ಅಭ್ಯಾಸ ಮಾಡಿ. ಇದು ನಮ್ಮವರೇ ಕಲಿಸಿದ ಪಾಠ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ, ಕೈಗಾದ್ದೇ ಬಗೆಯ ಘಟಕದಲ್ಲಿ, ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿ ಕೇಬಲ್ಲುಗಳು ಸುಟ್ಟು 17 ಗಂಟೆ ಪೂರ್ತಿ ಕತ್ತಲು. ಸಿಬ್ಬಂದಿ ಟಾರ್ಚ್ ಬೆಳಕಿನಲ್ಲಿ ಕೈಯಿಂದಲೇ ವಾಲ್ವ್ ತೆರೆದು ಬೋರಾನ್ ದ್ರಾವಣ ಬಿಟ್ಟರು, ಬೆಂಕಿ ಆರಿಸುವ ಡೀಸೆಲ್ ಪಂಪಿನಿಂದ ಸ್ಟೀಮ್ ಜನರೇಟರಿಗೆ ನೀರು ಕೊಟ್ಟು ಕುಲುಮೆಯನ್ನು ಉಳಿಸಿಕೊಂಡರು. ಆ ವಾಲ್ವಿನ ಚಕ್ರ ನಿಮ್ಮಲ್ಲಿ ಎಲ್ಲಿದೆ, ದೀಪ ಆರಿಸಿ ಒಮ್ಮೆ ಹೋಗಿ ಮುಟ್ಟಿ ಬನ್ನಿ. ಬಳಸಿದ ಇಂಧನದ ಕೊಳವನ್ನು ಮರೆಯಬೇಡಿ. ಅದರ ನೀರಿನ ಮಟ್ಟ ಬ್ಯಾಟರಿಯಲ್ಲೂ ಕಾಣುವಂತಿರಲಿ, ಹೊರಗಿನಿಂದ ಹೋಸ್ ಜೋಡಿಸಿ ನೀರು ತುಂಬುವಂತಿರಲಿ.

ಮುನ್ಸೂಚನೆ ಬಂತೆಂದು ಗಾಬರಿಯಲ್ಲಿ ಘಟಕ ನಿಲ್ಲಿಸಬೇಡಿ. ಒಮ್ಮೆ ನಿಂತರೆ ಒಳಗೆ ಕ್ಸೆನಾನ್ ಕೂಡಿಕೊಂಡು ಸುಮಾರು ಒಂದೂವರೆ ದಿನ ಮತ್ತೆ ಚಾಲೂ ಆಗಲು ಬಿಡುವುದಿಲ್ಲ, ಗ್ರಿಡ್ಡಿಗೆ ಅತ್ಯಂತ ಬೇಕಾದ ದಿನವೇ ನೀವು ಇರುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಗರಗರ ಎನ್ನತೊಡಗಿದರೆ ಲೋಡ್ ಇಳಿಸಲು ಹಿಂದೆಮುಂದೆ ನೋಡಬೇಡಿ. ಕೈಗಾದ ಮೊದಲ ಘಟಕ 2018ರ ಡಿಸೆಂಬರಿಗೆ 962 ದಿನ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು, ನಮಗೆಲ್ಲ ಹೆಮ್ಮೆ. ಬಿರುಗಾಳಿಯ ರಾತ್ರಿ ಮಾತ್ರ ದಿನಗಳ ಎಣಿಕೆಯ ಬೋರ್ಡಿಗೆ ಬಟ್ಟೆ ಮುಚ್ಚಿ.

ಮನೆ, ಹೊಲಗಳಲ್ಲಿ

ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ತೆಗೆದಿಡಿ. ಕರೆಂಟು ಮರಳಿದ ಕ್ಷಣದಲ್ಲೇ ಫೀಡರಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ಲೈನು ಮತ್ತೆ ಬೀಳುತ್ತದೆ. ಮನೆಯಲ್ಲಿ ಗೀಸರು, ಫ್ರಿಜ್ಜುಗಳ ಸ್ವಿಚ್ಚನ್ನೂ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಹಾಕಿ. ಮೇಲಿನ ಟ್ಯಾಂಕಿಗೆ ಮುಂಚೆಯೇ ನೀರು ತುಂಬಿಸಿ. ಆಮ್ಲಜನಕದ ಯಂತ್ರದ ಮೇಲಿರುವವರು ಮನೆಯಲ್ಲಿದ್ದರೆ ಸಿಲಿಂಡರ್ ತರಿಸಿಡಿ.

‘ಇಂದು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಿ, ಕಾಸ್ಮಿಕ್ ಕಿರಣ ಬರುತ್ತದೆ’ ಎಂಬ ವಾಟ್ಸ್ಯಾಪ್ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಅದು ವರ್ಷಗಳಿಂದ ಅದೇ ಗಂಟೆ ಹೇಳಿಕೊಂಡು ಓಡಾಡುತ್ತಿದೆ. ಸ್ಥಾವರದ ಸುತ್ತಲಿನ ಹಳ್ಳಿಗಳವರು ಜಿಲ್ಲಾಡಳಿತದ ಮಾತನ್ನು ಮಾತ್ರ ಕೇಳತಕ್ಕದ್ದು. ಅಯೋಡಿನ್ ಮಾತ್ರೆಯನ್ನು ಅವರು ಹೇಳಿದಾಗಲೇ ನುಂಗಬೇಕು, ಗಾಯಕ್ಕೆ ಹಚ್ಚುವ ಟಿಂಚರನ್ನು ಯಾವತ್ತೂ ಕುಡಿಯಕೂಡದು.

ಬಿರುಗಾಳಿ ಹೋದ ಮೇಲೆ

ಆಕಾಶ ತಣ್ಣಗಾಯಿತೆಂದು ಲಾಗ್‌ಬುಕ್ ಮುಚ್ಚಬೇಡಿ. ಒಂದು ಮೋಡದ ಹಿಂದೆ ಇನ್ನೊಂದು ಬರುವುದುಂಟು, 1989ರಲ್ಲೂ 2003ರಲ್ಲೂ 2024ರಲ್ಲೂ ಒಂದೇ ಮೋಡ ಬಂದದ್ದಲ್ಲ. ರದ್ದು ಮಾಡಿದ ಲೈನ್ ಕ್ಲಿಯರುಗಳನ್ನು ಲಿಖಿತ ಆದೇಶ ಬರುವವರೆಗೆ ಮತ್ತೆ ಕೊಡಕೂಡದು.

2003ರ ಬಿರುಗಾಳಿಯ ಏಟು ದಕ್ಷಿಣ ಆಫ್ರಿಕಾದ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಕಾಣಿಸಿಕೊಂಡದ್ದು ಆ ರಾತ್ರಿಯಲ್ಲ, ಮುಂದಿನ ತಿಂಗಳುಗಳಲ್ಲಿ. ಒಳಗೆ ಸುಟ್ಟ ನಿರೋಧಕ ಕಾಗದ ಎಣ್ಣೆಗೆ ಅನಿಲ ಬಿಡುತ್ತಿತ್ತು. ಹಾಗಾಗಿ ಮರುದಿನ ಒಂದು, ವಾರಕ್ಕೆ ಒಂದು, ತಿಂಗಳಿಗೆ ಒಂದು ಎಣ್ಣೆಯ ಸ್ಯಾಂಪಲ್ ತೆಗೆದು ಅನಿಲ ಪರೀಕ್ಷೆಗೆ ಕಳಿಸತಕ್ಕದ್ದು. ಗಾಜಿನ ಸಿರಿಂಜಿನಲ್ಲಿ ತೆಗೆಯಿರಿ, ಗುಳ್ಳೆ ಸೇರಬಾರದು. ಚೀಟಿಯ ಮೇಲೆ ಟ್ರಾನ್ಸ್‌ಫಾರ್ಮರಿನ ಸಂಖ್ಯೆ, ಗಂಟೆ, ಎಣ್ಣೆಯ ತಾಪಮಾನ, ತೆಗೆದವರ ಹೆಸರು. ಬಾಲ್ ಪೆನ್ನಿನಲ್ಲಿ ಬರೆದರೆ ಎಣ್ಣೆಗೆ ಅಳಿಸಿಹೋಗುತ್ತದೆ, ಪೆನ್ಸಿಲ್ಲಿನಲ್ಲಿ ಬರೆಯಿರಿ.